‘ಇನ್ನೂರು ರೂಪಾಯಿಗೆ ಗಿರಗಾಂವಿನಲ್ಲಿ ಮನೆಯಾ?’

ಸಂಘದ ಸಭೆಯಿರಲಿ, ಮದುವೆ ಪಂಕ್ತಿಯಿರಲಿ, ಮುಂಬೈ ಕನ್ನಡಿಗರು ಸಿಕ್ಕರೆ, ಬಾಡಿಗೆಯನ್ನು ಕಾಯ್ದೆಯೇ ಕಟ್ಟಿಹಾಕಿದ ಅಲ್ಲಿನ ಹಳೆಯ ಪಗಡಿ ಮನೆಗಳ ಬಗ್ಗೆ ಇದೇ ಪ್ರಶ್ನೆ: ‘ಮಾಲೀಕನಿಗೆ ಅನ್ಯಾಯ ಅಲ್ಲವಾ? ಮಾರ್ಕೆಟ್ಟಿಗೆ ಬಿಟ್ಟರೆ ಎಲ್ಲ ಸರಿಹೋಗುತ್ತಲ್ಲ?’

ಅನ್ಯಾಯ ಹೌದು. 1940ರ ಸೆಪ್ಟೆಂಬರ್ 1ರ ಬಾಡಿಗೆಗೇ ಗೂಟ ಹೊಡೆದು ಕೂರಿಸಿದ್ದು ಇನ್ನು ಸಮಂಜಸವಲ್ಲ ಎಂದು ಸುಪ್ರೀಂ ಕೋರ್ಟೇ 1997ರಲ್ಲಿ ಹೇಳಿತು. ಆ ಪ್ರಕರಣದ ಹೆಸರಲ್ಲೇ ನಮ್ಮ ಮಲ್ಪೆ ಇದೆ: ಮಲ್ಪೆ ವಿಶ್ವನಾಥ ಆಚಾರ್ಯ. ಆಮೇಲೆ ಬಂದ ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ವರ್ಷಕ್ಕೆ ಶೇ 4ರ ಏರಿಕೆ ಕೊಟ್ಟಿತು. ಲೆಕ್ಕ ಹಾಕಿ: 2000ದ ನೂರು ರೂಪಾಯಿ 25 ವರ್ಷವಾದರೂ 267 ದಾಟುವುದಿಲ್ಲ.

ಆದರೆ ‘ಮಾರ್ಕೆಟ್ಟಿಗೆ ಬಿಡಿ’ ಅಂದಾಗ ಮೈ ಉರಿಯುತ್ತದೆ. ಪಗಡಿ ಮಾರ್ಕೆಟ್ಟಲ್ಲದೆ ಮತ್ತೇನು, ದೇವಸ್ಥಾನದ ಹುಂಡಿಯೇ? ಕೋಣೆ ಹಿಡಿಯುವಾಗ ದೊಡ್ಡ ಗಂಟು, ತಿಂಗಳಿಗೆ ಚಿಲ್ಲರೆ. ಬಿಡುವಾಗ ಬಾಡಿಗೆದಾರ ಹೊಸಬನಿಗೆ ಮಾರುತ್ತಾನೆ; ಮಾಲೀಕ ತನ್ನ ಪಾಲು, ಸಾಮಾನ್ಯವಾಗಿ ಮೂರರಲ್ಲೊಂದು, ಎಣಿಸಿಕೊಂಡ ಮೇಲೆಯೇ ಬಾಡಿಗೆ ರಸೀದಿಯ ಹೆಸರು ಬದಲು. ಕಾಯ್ದೆ ಮುಂಬಾಗಿಲಲ್ಲಿ ತಡೆದ ಬೆಲೆ ಹಿತ್ತಿಲಿಂದ ಒಳಬಂತು. ಎಷ್ಟೋ ವರ್ಷ ಕದ್ದುಮುಚ್ಚಿ ನಡೆದದ್ದನ್ನು 1999ರ ಕಾಯ್ದೆಯ 56ನೇ ಕಲಂ ಸಕ್ರಮವನ್ನೂ ಮಾಡಿತು. ಸರ್ಕಾರ ಸೂರಿನ ಹಕ್ಕು ಕೊಟ್ಟು ಬಿಲ್ಲನ್ನು ಮಾಲೀಕನಿಗೆ ಕಳಿಸಿತು, ಮಾಲೀಕ ಅದನ್ನು ಗೋಡೆಗೆ ದಾಟಿಸಿದ. ಸುಣ್ಣಕ್ಕೂ ಸಾಲದ ಬಾಡಿಗೆಯಲ್ಲಿ ರಿಪೇರಿ ಯಾರು ಮಾಡಿಸುತ್ತಾರೆ? ವಠಾರದಂಥ ಚಾಳಿನ ತೊಲೆಗಳಿಗೆ ಊರುಗೋಲು ಬಂದದ್ದು ಹಾಗೆ.

ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ: ‘ರಸೀದಿ ಅಪ್ಪನ ಹೆಸರಲ್ಲಿದೆ, ನಾನು ಬೆಂಗಳೂರಲ್ಲಿದ್ದೇನೆ, ಮುಂದೇನು?’

ಬಾಡಿಗೆದಾರ ತೀರಿಕೊಂಡಾಗ ಜೊತೆಯಲ್ಲಿ ವಾಸವಿದ್ದ ಮನೆಯವರಿಗೆ ಮೊದಲ ಹಕ್ಕು. ಅಂಥವರು ಇಲ್ಲದಿದ್ದರೆ ಮಾತ್ರ ಬೇರೆ ವಾರಸುದಾರರು; ಅವರಲ್ಲಿ ಒಮ್ಮತವಿಲ್ಲದಿದ್ದರೆ ಕೋರ್ಟು ತೀರ್ಮಾನಿಸುತ್ತದೆ. ಹಾಗಾಗಿ ಅಪ್ಪನ ಜೊತೆಗಿದ್ದ ತಂಗಿಯ ರೇಷನ್ ಕಾರ್ಡು ಬೆಂಗಳೂರಿನ ಅಣ್ಣನ ಜೋರುಮಾತಿಗಿಂತ ತೂಕದ್ದು. ಸಕಾರಣವಿಲ್ಲದೆ ಸತತ ಆರು ತಿಂಗಳು ಬೀಗ ಜಡಿದಿದ್ದರೆ ಅದೇ ತೆರವಿಗೆ ಸಾಕು. ಶೂನ್ಯ ಯೂನಿಟ್ಟಿನ ಲೈಟ್ ಬಿಲ್ಲನ್ನು ಎದುರು ವಕೀಲರು ಕುಣಿಯುತ್ತಾ ತೋರಿಸುತ್ತಾರೆ. ಬಾಕಿಯ ನೋಟಿಸು ಬಂದರೆ 90 ದಿನದೊಳಗೆ ಕಟ್ಟಿ. ಅದು ತಪ್ಪಿ ದಾವೆ ಬಿದ್ದರೆ, ಸಮನ್ಸ್ ಮುಟ್ಟಿದ 90 ದಿನದೊಳಗೆ ಶೇ 15ರ ಬಡ್ಡಿ, ಖರ್ಚು ಸೇರಿಸಿ ತುಂಬಬೇಕು.

ಮಾಲೀಕ ‘ಬಾಡಿಗೆ ಬೇಡ’ ಅಂದರೆ ಖುಷಿಪಡಬೇಡಿ, ಅವನು ಬಾಕಿ ಬೆಳೆಸುತ್ತಿದ್ದಾನೆ. ಚೆಕ್ಕನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಚೆಯವನು ‘ನಿರಾಕರಿಸಿದ್ದಾರೆ’ ಎಂದು ಬರೆದು ಹಿಂದಿರುಗಿಸಿದ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ.