ಸೋತ ಮಾರನೇ ದಿನ

ಬಫಲೋ
27 ಜನವರಿ 2025, ಸೋಮವಾರ

ಊರಿಗೆ ಊರೇ ಸೂತಕದಲ್ಲಿದೆ. ನಿನ್ನೆ ರಾತ್ರಿ ಕನ್ಸಾಸ್ ಸಿಟಿಯಲ್ಲಿ ನಮ್ಮೂರಿನ ಅಮೆರಿಕನ್ ಫುಟ್ಬಾಲ್ ತಂಡ ಬಿಲ್ಸ್, ಅಲ್ಲಿನ ತಂಡಕ್ಕೆ 32–29ರಲ್ಲಿ ಸೋತರು. ಗೆದ್ದಿದ್ದರೆ ಸೂಪರ್ ಬೌಲ್, ಅಂದರೆ ಫೈನಲ್. ಆರ್‌ಸಿಬಿ ಅಭಿಮಾನಿಗೆ ಇದೇನು ಹೊಸದಲ್ಲ ಬಿಡಿ.

ಸಂಜೆ ಸ್ನೋ ತೆಗೆಯಲು ಹೊರಗೆ ಹೋದರೆ ಪಕ್ಕದ ಮನೆ ಅಜ್ಜ ಸಲಿಕೆ ಊರಿಕೊಂಡು ನಿಂತಿದ್ದರು. "ಇವತ್ತು ಏನು ದಿನ ಗೊತ್ತಾ?" ಅಂದರು. 1991ರಲ್ಲೂ ಇದೇ ಜನವರಿ 27. ಟ್ಯಾಂಪಾದಲ್ಲಿ ಸೂಪರ್ ಬೌಲ್. ಉಳಿದಿದ್ದು 8 ಸೆಕೆಂಡ್, ಎದುರಾಳಿ ಜೈಂಟ್ಸ್ ಒಂದೇ ಪಾಯಿಂಟ್ ಮುಂದೆ, 20–19. ಎರಡು ಕಂಬಗಳ ನಡುವೆ ಒದ್ದರೆ ಗೆಲುವು. ಬಿಲ್ಸ್‌ನ ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಹೋಯಿತು. ಎಷ್ಟು ಬಲಕ್ಕೆ ಅಂತ ತೋರಿಸಲು ಅಜ್ಜನಿಗೆ ನಮ್ಮ ಗ್ಯಾರೇಜೇ ಬೇಕಾಯಿತು. ಬಾಗಿಲಿನ ಎರಡು ಅಂಚು ಕಂಬಗಳು. ಸಲಿಕೆ ಎತ್ತಿ, ಅಂಚಿನಾಚೆ ಗೋಡೆಗೆ ಟಪ್ ಅಂತ ತಟ್ಟಿದರು.

ಮಾರನೇ ದಿನ ಇಲ್ಲಿನ ನಯಾಗರ ಸ್ಕ್ವೇರ್‌ನಲ್ಲಿ ಸಾವಿರಾರು ಜನ "ನಮಗೆ ಸ್ಕಾಟ್ ಬೇಕು" ಅಂತ ಕೂಗಿದರಂತೆ. ಬೈಯೋಕಲ್ಲ, ಸಮಾಧಾನ ಮಾಡೋಕೆ. ಅಜ್ಜನೂ ಕೂಗಿದ್ದರು.

ಕೋಚ್ ಮಾರ್ವ್ ಲೀವಿ ಅದೇ ತಂಡವನ್ನು ಮುಂದಿನ ಮೂರು ವರ್ಷವೂ ಸೂಪರ್ ಬೌಲ್‌ಗೆ ಕರೆದುಕೊಂಡು ಹೋದರು. ಮೂರನ್ನೂ ಸೋತರು. ಜನ ನಗುತ್ತಾರೆ. ಸತತ ನಾಲ್ಕು ಸಲ ಅಲ್ಲಿಯವರೆಗೆ ಹೋದ ತಂಡ ಇನ್ನೊಂದಿಲ್ಲ, ಅದನ್ನು ಯಾರೂ ಹೇಳಲ್ಲ.

ನನ್ನ ತಲೆಯಲ್ಲಿ ಉಳಿದಿದ್ದು ಬೇರೆ. "ಬಫಲೋಗೆ ಬಂದಾಗ ಲೀವಿಗೆ ಎಷ್ಟು ವಯಸ್ಸು?" ಅಂತ ಸುಮ್ನೆ ಕೇಳಿದೆ. 61!

ಒಳಗೆ ಬಂದು ಅಡುಗೆ ಬಿಟ್ಟು ಅವರ ಬಗ್ಗೆ ಓದುತ್ತಾ ಕೂತೆ. ಹಾರ್ವರ್ಡ್‌ನಲ್ಲಿ ಇಂಗ್ಲೆಂಡಿನ ಇತಿಹಾಸ ಓದಿ ಎಂ.ಎ. ಮಾಡಿದ ಮನುಷ್ಯ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಕೋಚ್ ಆಗಿ ನಾಲ್ಕು ವರ್ಷಕ್ಕೆ ಗೆದ್ದಿದ್ದು ಬರೀ 8 ಮ್ಯಾಚ್. ಕೆನಡಾದ ಮಾಂಟ್ರಿಯಲ್‌ಗೆ 1974, 1977ರಲ್ಲಿ ಅಲ್ಲಿನ ಫುಟ್ಬಾಲ್ ಕಪ್ ಆದ ಗ್ರೇ ಕಪ್ ಗೆದ್ದುಕೊಟ್ಟರು. ಆಮೇಲೆ ಕನ್ಸಾಸ್ ಸಿಟಿ. ಹೌದು, ಅದೇ ಕನ್ಸಾಸ್ ಸಿಟಿ! 1982ರ ಸೀಸನ್ ಮುಗಿದ ಮೇಲೆ ಆ ತಂಡದವರು ಲೀವಿಯನ್ನು ತೆಗೆದುಹಾಕಿದರು. 1984ರಲ್ಲಿ ಚಿಕಾಗೊ ಬ್ಲಿಟ್ಜ್ ಜೊತೆ ಒಂದು ಸೀಸನ್, ಆ ತಂಡವೇ ಮುಚ್ಚಿಹೋಯಿತು. 1986ರಲ್ಲಿ, ಅದೂ ಸೀಸನ್ ಮಧ್ಯದಲ್ಲಿ, ಬಫಲೋದವರು ಕರೆದರು. ಮುಂದೆ 2001ರಲ್ಲಿ ಫುಟ್ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಗೌರವ. 80ನೇ ವಯಸ್ಸಲ್ಲಿ ಮತ್ತೆ ಬಿಲ್ಸ್‌ಗೇ ಜನರಲ್ ಮ್ಯಾನೇಜರ್.

ಆ ಖಾಲಿ ವರ್ಷಗಳಲ್ಲಿ ಬೆಳಗ್ಗೆ ಎದ್ದ ತಕ್ಷಣ ಏನು ಅನ್ನಿಸುತ್ತಿತ್ತೋ.

ಅನ್ನ ತಳ ಹಿಡಿಯಿತು. ಇವತ್ತು ಮೊಸರನ್ನವೇ ಗತಿ.

ನಮ್ಮ ಯಜಮಾನರು ಒಳಗೆ ರೆಸ್ಯೂಮೆ ತಿದ್ದುತ್ತಿದ್ದಾರೆ. ಬಿ.ಇ. ಮುಗಿಸಿದ ವರ್ಷ ತೆಗೆದುಹಾಕಿದ್ದಾರೆ, ವಯಸ್ಸು ಗೊತ್ತಾಗಬಾರದು ಅಂತ. 54 ಅಷ್ಟೇ ಕಣ್ರೀ ನಿಮಗೆ ಅಂತ ಬಾಯಿಗೆ ಬಂತು. ಹೇಳಲಿಲ್ಲ. ಲೇಆಫ್ ಆದಾಗಿನಿಂದ ನಾನು ಏನೇ ಹೇಳಿದರೂ ಅದು ಉಪದೇಶ. ಅಜ್ಜನ ಕೈಲೇ ಹೇಳಿಸಿದರೆ ಹೇಗೆ? ಆದರೆ ಅವರು ಶುರು ಮಾಡಿದರೆ ಲೀವಿಯಲ್ಲಿ ನಿಲ್ಲಲ್ಲ. ಬಿಲ್ಸ್ 35–3ರಲ್ಲಿ ಹಿಂದಿದ್ದು 41–38ರಲ್ಲಿ ಗೆದ್ದ ಆ ಹೂಸ್ಟನ್ ವಿರುದ್ಧದ ಮ್ಯಾಚ್‌ಗೆ ಹೋಗುತ್ತಾರೆ, ಆಮೇಲೆ ಊಟಕ್ಕೂ ಇಲ್ಲೇ, ಇವರಿಗೆ ಈಗ ಯಾರ ಮುಖವೂ ಬೇಡ, ಆದರೂ ಭಾನುವಾರ