ನೀರು ಬೆರೆಸಿದ್ದೇ ಹೆಚ್ಚು ಹೊಳೆಯಿತು

ನಮ್ಮದು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಸಣ್ಣ ಲ್ಯಾಬ್. ಮೊದಲು ಹಾರ್ಮೋನ್ ಟೆಸ್ಟ್ ಎಲ್ಲ ಮಂಗಳೂರಿಗೇ ಹೋಗುತ್ತಿತ್ತು. 2020ರಲ್ಲಿ ಕೊರೋನಾಕ್ಕೆ ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಸ್ಯಾಂಪಲ್ ಹಾಗಿರಲಿ, ರೋಗಿಗಳೇ ಆಚೆ ದಾಟಲಾಗದೆ ಒದ್ದಾಡಿದ ಮೇಲೆ ಧಣಿಗಳು ಈ ಫ್ಲೋರೆಸೆನ್ಸ್ ಮೆಷಿನ್ ತಂದರು. ಸ್ಯಾಂಪಲ್ ಹಾಕುವ ಕ್ಯಾಸೆಟ್‌ನೊಳಗೆ ಯುರೋಪಿಯಂ ಎಂಬ ಲೋಹ ತುಂಬಿದ ನ್ಯಾನೋ ಕಣಗಳು. 365 ನ್ಯಾನೋಮೀಟರಿನ ನೇರಳಾತೀತ ಬೆಳಕು ಬಿದ್ದರೆ 615ರ ಆಸುಪಾಸಿನಲ್ಲಿ ಕಡುಕೆಂಪಾಗಿ ಹೊಳೆಯುತ್ತವೆ. ರಕ್ತದ ತಿಳಿಯಾದ ಸೀರಂಗೂ ತನ್ನದೊಂದು ಮಂಕು ಹೊಳಪು ಉಂಟು, ಆದರೆ ಅದು ನೀಲಿ ಕಡೆಗಿನದು. ಈ ಕೆಂಪಿನ ಜೊತೆ ಕಲಬೆರಕೆ ಆಗುವುದಿಲ್ಲ. ಒಳ್ಳೆಯ ಮೆಷಿನ್ನೇ. ತಪ್ಪು ನನ್ನದು.

ಆಟಿ ತಿಂಗಳ ಒಂದು ಬೆಳಿಗ್ಗೆ ಬೀಟಾ ಎಚ್‌ಸಿಜಿಗೆ, ಅಂದರೆ ಬಸಿರಿನ ಹಾರ್ಮೋನಿನ ಟೆಸ್ಟಿಗೆ, ಸ್ಯಾಂಪಲ್ ಬಂತು. ಹತ್ತು ವಾರದ ಬಸಿರು, ವಿಪರೀತ ವಾಂತಿ, ಸ್ವಲ್ಪ ಬ್ಲೀಡಿಂಗ್. ಮೆಷಿನ್ ತೋರಿಸಿದ್ದು 1,900. ಆ ಹೊತ್ತಿಗೆ ಹತ್ತಾರು ಸಾವಿರ ಇರಬೇಕಾದ್ದು. ಗರ್ಭ ನಿಲ್ಲಲಿಲ್ಲ ಪಾಪ, ಎಂದುಕೊಂಡು ರಿಪೋರ್ಟ್ ಬಿಟ್ಟೆ.

ಅರ್ಧ ಗಂಟೆಯಲ್ಲಿ ಡಾಕ್ಟರ ಫೋನ್.

"ಎಂತ ಇದು? ಹೊಟ್ಟೆ ನೋಡಿದರೆ ನಾಲ್ಕು ತಿಂಗಳು ತುಂಬಿದ ಹಾಗಿದೆ, ನಿಮ್ಮ ರಿಪೋರ್ಟಲ್ಲಿ ಏನೂ ಇಲ್ಲ!"

"ಕಂಟ್ರೋಲ್ ಎರಡೂ ಪಾಸ್ ಮೇಡಂ. ಬೇಕಾದರೆ ಇನ್ನೊಮ್ಮೆ ಹಾಕುತ್ತೇನೆ."

ಕಂಟ್ರೋಲ್ ಅಂದರೆ ಅಂಕಿ ಮೊದಲೇ ಗೊತ್ತಿರುವ ಸ್ಯಾಂಪಲ್, ಮೆಷಿನ್ ಸರಿಯಿದೆಯೇ ಎಂದು ನೋಡಲು ಹಾಕುವುದು. ಫೋನ್ ಇಟ್ಟು ಮನಸ್ಸಿನಲ್ಲೇ ಬೈದೆ. ಮಂಗಳೂರಿನ ಲೆಟರ್‌ಹೆಡ್ ಇದ್ದರೆ ಮಾತ್ರ ಇವರಿಗೆ ನಂಬಿಕೆ! ಅದೇ ಟ್ಯೂಬ್, ಹೊಸ ಕ್ಯಾಸೆಟ್, ಹದಿನೈದು ನಿಮಿಷ. ಹೊರಗೆ ಮಳೆ, ಒಳಗೆ ಇನ್ವರ್ಟರಿನ ಗುಂಯ್. ಬಂದದ್ದು 1,870. ಎಷ್ಟು ಖುಷಿಯಾಯಿತು ಅಂತೀರಿ! ಎರಡು ಸಲವೂ ಅದೇ ಅಂಕಿ ಬಂದ ಮೇಲೆ ಇನ್ನು ನನ್ನನ್ನು ಯಾರು ಕೇಳುವುದು? ಡಾಕ್ಟರಿಗೆ ತಿರುಗಿ ಫೋನ್ ಮಾಡಲು ರಿಸೀವರ್ ಎತ್ತಿದ್ದೆ. ಸ್ವರದಲ್ಲಿ ಸ್ವಲ್ಪ ಗತ್ತು ಕೂಡ ತಂದುಕೊಂಡಿದ್ದೆ.

ಆಗ ಬ್ಲಡ್ ತೆಗೆಯುತ್ತಿದ್ದ ಚೇಚಿ (ಮಲಯಾಳದಲ್ಲಿ ಅಕ್ಕ) ತಲೆ ಎತ್ತದೆಯೇ ಕೇಳಿದರು, "ಡೈಲ್ಯೂಟ್ ಚೆಯ್ತೋ?"

ಮಾಡಿರಲಿಲ್ಲ. ಕಡಿಮೆ ಬಂದದ್ದಕ್ಕೆ ಯಾರಾದರೂ ನೀರು ಬೆರೆಸುತ್ತಾರೆಯೇ? ಹತ್ತು ಮೈಕ್ರೋಲೀಟರ್ ಸೀರಂ, 990 ಡೈಲ್ಯೂಯೆಂಟ್. ಬಾಯಿ ಮುಚ್ಚಿಸುವುದಕ್ಕೆಂದೇ ಹಾಕಿದೆ. ಮತ್ತೆ ಹದಿನೈದು ನಿಮಿಷ. 5,200 ಬಂತು. ನೂರರಿಂದ ಗುಣಿಸಿದರೆ ಐದು ಲಕ್ಷ ಇಪ್ಪತ್ತು ಸಾವಿರ.

ನಂಬಿಕೆ ಬರಲಿಲ್ಲ. ಕೌಂಟರಿನಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ತಂದು, ಲೈಟ್ ಆರಿಸಿ, ಕ್ಯಾಸೆಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಕ್ಯಾಸೆಟ್ ಕೆಲಸ ಮಾಡಿದೆ ಎಂದು ತೋರಿಸುವ ಸಿ ಗೆರೆ ಎಲ್ಲದರಲ್ಲೂ ಒಂದೇ ಥರ. ಹಾರ್ಮೋನ್ ಎಷ್ಟಿದೆ ಎಂದು ತೋರಿಸುವ ಟಿ ಗೆರೆ ಮಾತ್ರ ಬರೀ ಸೀರಂ ಹಾಕಿದ್ದರಲ್ಲಿ ಅಳಿಸಿಹೋದ ಕುಂಕುಮದ ಹಾಗೆ, ನೂರು ಪಾಲು ತೆಳ್ಳಗಾದದ್ದರಲ್ಲಿ ಊದಿದ ಕೆಂಡದ ಹಾಗೆ.

ಹುಕ್ ಎಫೆಕ್ಟ್. ಪರೀಕ್ಷೆಗೆ ಓದಿದ್ದೆ, ಮಾರ್ಕೂ ಬಂದಿತ್ತು. ಹಾರ್ಮೋನನ್ನು ಒಂದು ಬದಿಯಿಂದ ಟಿ ಗೆರೆ, ಇನ್ನೊಂದು ಬದಿಯಿಂದ ಕಣ ಹಿಡಿದರೆ ಮಾತ್ರ ಗೆರೆ ಹೊಳೆಯುವುದು. ಹಾರ್ಮೋನ್ ಮಿತಿಮೀರಿದರೆ ಕುಂಬಳೆ ಜಾತ್ರೆಯ ಬೆಡಿ (ಸುಡುಮದ್ದು) ರಾತ್ರಿಯ ಬಸ್ಸಿನ ಗತಿ: ಖಾಲಿ ಕೈಯಲ್ಲಿ ಬಂದವರೇ ಸೀಟೆಲ್ಲ ಹಿಡಿದು ಕೂತಿರುತ್ತಾರೆ, ಕಣ ಹೊತ್ತು ಬಂದವರು ಜಾಗವಿಲ್ಲದೆ ಹಾಗೇ ಮುಂದೆ ಹೋಗಿ ಕೊನೆಯ ಹೀರುವ ಪ್ಯಾಡ್ ಸೇರುತ್ತಾರೆ. ಕಂಟ್ರೋಲ್ ಪಾಸಾಗದೆ ಏನು? ಕಂಟ್ರೋಲ್ ಬಾಟಲಿಯಲ್ಲಿ ಐದು ಲಕ್ಷ ಯಾರು ತುಂಬಿಸಿಡುತ್ತಾರೆ? ಅದೇ ತಪ್ಪನ್ನು ಎರಡು ಸಲ ಅಚ್ಚುಕಟ್ಟಾಗಿ ಮಾಡಿ ಗೆದ್ದೆ ಅಂದುಕೊಂಡಿದ್ದೆ ನಾನು.

ಕಿಟ್‌ನ ಕಾಗದದಲ್ಲಿ ಈ ವಿಷಯ ಇದೆ. ಇರುವೆ ಸಾಲಿನಂಥ ಅಕ್ಷರದಲ್ಲಿ, ಮಡಿಕೆಯ ಒಳಗೆ.

ಫೋನ್ ಮಾಡಿದೆ. ಗತ್ತು ಇರಲಿಲ್ಲ. ಡಾಕ್ಟರು ಬೈಯಲೂ ಇಲ್ಲ, "ಸ್ಕ್ಯಾನಿಗೆ ಕಳಿಸಿ ಆಗಿದೆ, ಮೋಲ್" ಎಂದಷ್ಟೇ ಹೇಳಿ ಇಟ್ಟರು. ಮೋಲ್ ಅಂದರೆ ಮಗು ಸರಿಯಾಗಿ ಬೆಳೆಯದೆ ಮಾಸು ವಿಪರೀತ ಬೆಳೆಯುವ ಬಸಿರು. ಅವರು ನನ್ನ ಅಂಕಿಗೆ ಕಾಯುತ್ತ ಕೂತಿದ್ದರೆ ಏನಾಗುತ್ತಿತ್ತೋ. ಹಳೆಯ ರಿಪೋರ್ಟನ್ನು ವಾಪಸ್ ತರಿಸಿ, ಅಡ್ಡಗೆರೆ ಎಳೆದು, ಹೊಸದು ಕೊಟ್ಟೆವು.

ಈಗ ಲಕ್ಷಣಕ್ಕೂ ಅಂಕಿಗೂ ತಾಳೆಯಾಗದ ಎಚ್‌ಸಿಜಿಯನ್ನು ಡೈಲ್ಯೂಟ್ ಮಾಡದೆ ಬಿಡುವುದಿಲ್ಲ. ಅದಕ್ಕೂ ಜಗಳ ಉಂಟು. ಆ ಸಂಜೆಯೇ ಧಣಿಗಳು ಸ್ಟಾಕ್ ಪುಸ್ತಕ ಹಿಡಿದು ಬಂದರು.

"ಒಂದು ಬಿಲ್ಲಿಗೆ ಮೂರು ಕ್ಯಾಸೆಟ್ ಯಾಕೆ ಮಾರಾಯ್ರೆ?"

ಚೇಚಿ ನನ್ನ ಮುಖ ನೋಡಿದರು. ನಾನು ಟಾರ್ಚ್ ತರಲು ಎದ್ದೆ.