ಟಪಾಲು ಪುಸ್ತಕದಲ್ಲಿ ಇಲ್ಲದ ಅರ್ಜಿ

ಕರ್ನಾಟಕ ಋಣ ಪರಿಹಾರ ಕಾಯ್ದೆಯ ಅರ್ಜಿಗಳ ಕಟ್ಟುಗಳನ್ನು ಕಳೆದ ವಾರ ರೆಕಾರ್ಡ್ ರೂಮಿಗೆ ಇಳಿಸಿದೆವು. ಪಟ್ಟಿ ಬರೆಯುವಾಗ ನನ್ನ ಕಣ್ಣು ಹುಡುಕುತ್ತಿದ್ದುದು ಆ ಕಟ್ಟುಗಳಲ್ಲಿ ಇಲ್ಲದ ಒಂದು ಅರ್ಜಿಯನ್ನು.

2019ರ ಜುಲೈ 23ರಂದು ಕಾಯ್ದೆ ಜಾರಿಗೆ ಬಂದಾಗ ನಾನು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ನಮ್ಮ ಸಾಹೇಬರೇ ನೋಡಲ್ ಅಧಿಕಾರಿ, ಅಂದರೆ ಅರ್ಜಿಗಳನ್ನು ತೀರ್ಮಾನಿಸುವವರು. ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು, ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರದ ದುರ್ಬಲ ವರ್ಗದವರು ಲೇವಾದೇವಿಯವರಲ್ಲಿ, ಗಿರವಿ ಅಂಗಡಿಗಳಲ್ಲಿ ಮಾಡಿದ ಸಾಲದಿಂದ ಬಿಡುಗಡೆ ಕೋರಬಹುದಿತ್ತು. ಗಡುವು 90 ದಿನ. ಊರೂರಲ್ಲಿ ಹಬ್ಬಿದ ಸುದ್ದಿಯೇ ಬೇರೆ: ಎಲ್ಲ ಸಾಲವೂ ಮನ್ನಾ! ಬ್ಯಾಂಕು, ಸಹಕಾರ ಸಂಘ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಮೈಕ್ರೋ ಫೈನಾನ್ಸ್‌ಗಳ ಸಾಲ ಇದರಲ್ಲಿ ಬರುವುದಿಲ್ಲ ಎಂದು ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಕೌಂಟರಿಗೆ ಇನ್ನೊಬ್ಬರನ್ನು ಕೊಡಿ ಎಂದು ಎರಡು ಸಲ ಟಿಪ್ಪಣಿ ಹಾಕಿದೆ. ಕೊಡಲಿಲ್ಲ. ವಿಡಿಯೊ ಕಾನ್ಫರೆನ್ಸ್‌ಗೆ ಅಂಕಿಅಂಶದ ತಃಖ್ತೆ ತುಂಬುವ ಕೆಲಸವನ್ನೂ ನನಗೇ ವಹಿಸಿದರು.

ಸೆಪ್ಟೆಂಬರಿನ ಒಂದು ಸೋಮವಾರ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. "ಸಂಘದ ಸಾಲ ಸಾರ್, ವಾರವಾರವೂ ಬಾಗಿಲಿಗೆ ಬಂದು ಕೂರುತ್ತಾರೆ" ಎಂದರು. ಮೇಲಿದ್ದದ್ದು ಫೈನಾನ್ಸ್ ಕಂಪನಿಯ ಪಾಸ್‌ಬುಕ್. "ಇದು ಬರುವುದಿಲ್ಲ ಅಮ್ಮಾ" ಎಂದು ಕವರನ್ನು ಹಿಂದಕ್ಕೆ ತಳ್ಳಿದೆ. "ಇನ್ನೊಂದು..." ಎಂದು ಏನೋ ಹೇಳಹೊರಟರು. ನಾನಾಗಲೇ ಸಾಲಿನಲ್ಲಿ ಹಿಂದಿದ್ದವರ ಕಾಗದಕ್ಕೆ ಕೈ ಚಾಚಿದ್ದೆ. ಅವರ ಕೈ ಕಿಟಕಿಯ ಅಂಚಿನ ಮೇಲೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಸರಿಯಿತು. ಆದಾಯ ಪ್ರಮಾಣಪತ್ರ, ಅಫಿಡವಿಟ್ ಎಂದು ಸುಮ್ಮನೆ ಅಲೆದು ದುಡ್ಡು ಕಳೆದುಕೊಳ್ಳುವುದನ್ನು ತಪ್ಪಿಸಿದೆ ಎಂದೇ ಆಗ ನಾನು ಮನಸಾರೆ ನಂಬಿದ್ದೆ.

ನವೆಂಬರಿನಲ್ಲಿ ಅವರು ಮಗಳೊಂದಿಗೆ ಮತ್ತೆ ಬಂದರು. ಅದೇ ಕವರ್. ಮಗಳು ಪಾಸ್‌ಬುಕ್ಕಿನ ಹಿಂದಿನಿಂದ ಮಡಿಚಿದ ಗಿರವಿ ಚೀಟಿಯೊಂದನ್ನು ತೆಗೆದು ಬಿಡಿಸಿದಳು. ಓಲೆ, ಎರಡೆಳೆ ಸರ. ಇಟ್ಟು ಎರಡು ವರ್ಷವಾಗಿತ್ತು. ಅಂಗಡಿಯವನು ಹರಾಜಿನ ನೋಟಿಸು ಕೊಟ್ಟಿದ್ದ. ನನ್ನ ಅಂಗೈ ಬೆವೆತಿತು. ಕಾಯ್ದೆ ಬಂದದ್ದೇ ಇಂಥ ಚೀಟಿಗಾಗಿ, ಅದು ಆ ಸೋಮವಾರ ನನ್ನ ಕೈಯಿಂದ ಗೇಣುದ್ದ ದೂರದಲ್ಲಿತ್ತು.

ಚೀಟಿ ಹಿಡಿದು ಶಿರಸ್ತೇದಾರರ ಬಳಿಗೆ ಓಡಿದೆ. "ಗಡುವು ಅಕ್ಟೋಬರಿಗೇ ಮುಗಿಯಿತಲ್ಲ. ಅವತ್ತು ಬಂದಿದ್ದರೆ ಟಪಾಲಿನಲ್ಲಿ ನಂಬರ್ ಇರಬೇಕು, ನೋಡಿ" ಎಂದರು. ಇಲ್ಲವೆಂದು ಗೊತ್ತಿದ್ದೂ, ಬಂದ ಅರ್ಜಿಗಳಿಗೆ ನಂಬರ್ ಹಾಕಿ ಬರೆದಿಡುವ ಆ ಟಪಾಲು ಪುಸ್ತಕ ತೆರೆದೆ. ಸೆಪ್ಟೆಂಬರಿನ ಒಂದೊಂದೇ ಪುಟ ತಿರುವಿದೆ. ತಾಯಿ, ಮಗಳು ನನ್ನ ಬೆರಳನ್ನೇ ನೋಡುತ್ತಿದ್ದರು. ಆ ಸೋಮವಾರದ ಪುಟದಲ್ಲಿ ಹದಿನೇಳು ಹೆಸರುಗಳಿದ್ದವು, ಎಲ್ಲವೂ ನನ್ನದೇ ಅಕ್ಷರದಲ್ಲಿ.

ಅರ್ಜಿ ಪಡೆಯುವುದಷ್ಟೇ ನನ್ನ ಕೆಲಸವಾಗಿತ್ತು. ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ಸಾಹೇಬರು. ಅವರು ತಿರಸ್ಕರಿಸಿದ್ದರೂ ಲಿಖಿತ ಉತ್ತರವಾಗಿ ಹಿಂಬರಹವೊಂದು ಇರುತ್ತಿತ್ತು, ಅದನ್ನು ಹಿಡಿದು ಮೇಲಿನವರನ್ನು ಕೇಳಬಹುದಿತ್ತು. ಬಾಯಿಮಾತಿನಲ್ಲಿ ವಾಪಸು ಕಳಿಸಿದವರಿಗೆ ಅದೂ ಉಳಿಯುವುದಿಲ್ಲ. ಈಗ ಕೌಂಟರಿನಲ್ಲಿ ಯಾರೇ ಕೂರಲಿ, ಮೊದಲು ಕವರಿನ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡಿಸುತ್ತೇನೆ, ನಂಬರ್ ಹಾಕಿಸಿ ಸ್ವೀಕೃತಿ ಕೊಡಿಸುತ್ತೇನೆ. ಬಾಕಿ ಕಡತ ಹೆಚ್ಚಾಯಿತೆಂದು ಸಭೆಯಲ್ಲಿ ಬೈಯುತ್ತಾರೆ, ಬೈಯಲಿ.

ಅವತ್ತು ಆ ತಾಯಿ ನನ್ನನ್ನು ಬೈಯಲಿಲ್ಲ. ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿ ಕವರಿಗೆ ಹಾಕಿಕೊಂಡು, "ನಾನು ಅವತ್ತು ಬಂದಿದ್ದೆ ಅಂತಾದರೂ ಬರೆದುಕೊಡಿ ಸಾರ್" ಎಂದರು. ಬರೆದುಕೊಡಲು ನನ್ನ ಬಳಿ ನಂಬರ್ ಇರಲಿಲ್ಲ.